ಒದ್ದೆ ಕೈಗೆ ಮಾತ್ರ ಬರುತ್ತಿದ್ದ ಉರುಕುಂದಪ್ಪ

"ನಿಮ್ಮಪ್ಪ ಬಂದಿದ್ದ," ಎಂದಳು ತಾಯಿ ಯಮನಮ್ಮ.

ಹುಲಿಗೇಶ ರೊಟ್ಟಿ ಮುರಿಯುತ್ತಿದ್ದ. ಕೈ ಅಲ್ಲೇ ನಿಂತಿತು. ಅವನ ಅಪ್ಪ ಉರುಕುಂದಪ್ಪ ತೀರಿಕೊಂಡು ವರ್ಷ ಕಳೆದಿತ್ತು.

"ಎಲ್ಲಿ ಬಂದಿದ್ದ ಬೇ?"

"ಅಂಗಳದಾಗ, ಕಬ್ಬಿಣದ ಕಂಬದ ಹತ್ರ. ಮಾರಿ ತೊಳಕೊಂಡು ಏಳಾಕ ಅಂತ ಕಂಬ ಹಿಡಿದೆ ನೋಡು. ಯಾರೋ ಕೈ ಹಿಡಿದಂಗ ಆತು. ಮೊಣಕೈ ತನಕ ಜುಮ್ ಅಂತು."

ಅವಳು ತೋಳು ಚಾಚಿ ತೋರಿಸಿದಳು. ಸುಕ್ಕುಗಟ್ಟಿದ ಚರ್ಮದ ಮೇಲೆ ಇನ್ನೂ ಮುಳ್ಳೆದ್ದಿತ್ತು.

ಸೊಸೆ ಕಲ್ಯಾಣಿ ಪಲ್ಯ ಬಡಿಸುತ್ತ, "ಕನಸು ಬಿದ್ದಿರಬೇಕ್ರಿ ಅತ್ತಿ," ಎಂದಳು.

"ಹಾಡಹಗಲ ನಿಂತಕೊಂಡು ಕನಸು ಬೀಳತದೇನ?" ಎಂದಳು ಯಮನಮ್ಮ. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಬಹಳ ದಿನಗಳ ಮೇಲೆ ಯಾರೋ ಹೆಸರು ಹಿಡಿದು ಕರೆದರೆ ಹೇಗಿರುತ್ತದೋ ಹಾಗಿತ್ತು.

ಆ ಮನೆ ದೇವದುರ್ಗದ ಅಂಚಿನಲ್ಲಿ, ಬಸ್ಸು ಓಡಾಡುವ ರಸ್ತೆಯ ಪಕ್ಕದಲ್ಲಿದೆ. ಹುಲಿಗೇಶ ಸಾಮಾನು ಸಾಗಿಸುವ ಆಟೋ ಓಡಿಸುತ್ತಾನೆ. ಉರುಕುಂದಪ್ಪ ಬಾವಿ ತೋಡುವ ಆಳು. ಸುತ್ತಲಿನ ಹತ್ತಾರು ಊರುಗಳ ಬಾವಿಗಳಲ್ಲಿ ಇಳಿದವನು. ಮನೆಯಲ್ಲಿ ಯಾರು ಏನು ಕೊಳ್ಳುತ್ತೇನೆಂದರೂ ಅವನು ಹೇಳುತ್ತಿದ್ದದ್ದು ಒಂದೇ ಮಾತು: "ಕೈ ಬಿಗಿ ಹಿಡೀರಿ."

ಅಪ್ಪ ಸತ್ತ ಮೇಲೆ ಹುಲಿಗೇಶ ಹೊಸ ಮನೆ ಕಟ್ಟಿಸಿದ. ಇಟ್ಟಿಗೆ ಗೋಡೆ, ಮೇಲೆ ತಗಡಿನ ಪತ್ರಾಸು, ಮುಂದಿನ ಚಪ್ಪರಕ್ಕೆ ಕಬ್ಬಿಣದ ಕಂಬಗಳು. ಕರೆಂಟಿನ ಕೆಲಸಕ್ಕೆ ಪರಿಚಯದ ವೈರಮನ್ ಜಿಲಾನಿ ಪಾಷಾನನ್ನು ಕರೆಸಿದ್ದ. ಪಾಷಾ ಮನೆ ಸುತ್ತಿ ನೋಡಿ ಹೇಳಿದ:

"ಅಣ್ಣಾ, ಮೊದಲ ಅರ್ತಿಂಗ್ ಗುಂಡಿ ತಗೀಬೇಕು. ಮತ್ತ ಮೇನ್ ಹತ್ರ ಒಂದು ಸ್ವಿಚ್ ಹಾಕೋಣ. ಎಲ್ಲೆರ ಕರೆಂಟ್ ಸೋರಿದ್ರ ಅದು ತಾನೇ ಬೀಳತದ."

"ಗುಂಡ್ಯಾಗ ಹುಗಿಯೋದಕ್ಕ ಯಾಕ ಖರ್ಚು ಪಾಷಾ? ಯಾರಿಗೆ ಕಾಣತದ ಅದು? ನಮ್ಮಪ್ಪ ಏನು ಹೇಳ್ಯಾನ, ಕೈ ಬಿಗಿ ಹಿಡಿ ಅಂದಾನ. ಅದೆರಡೂ ಬ್ಯಾಡ."

"ಮತ್ತ ಈ ಬಣ್ಣದ ದೀಪ ಇಷ್ಟು ತಂದೀರಲ್ಲ?"

"ಅವು ಚಪ್ಪರಕ್ಕ. ರಸ್ತೆದಾಗ ಹೋಗೋ ಮಂದಿ ನೋಡಬೇಕಲ್ಲ."

ಪಾಷಾ ಚೀಲ ಹೆಗಲಿಗೆ ಹಾಕಿಕೊಂಡ. "ಅರ್ತಿಂಗ್ ಇಲ್ಲದ ಮನಿಗೆ ನಾ ವೈರ್ ಎಳೆಯಂಗಿಲ್ಲ ಅಣ್ಣಾ. ಸಿಟ್ಟಾಗಬ್ಯಾಡ್ರಿ," ಎಂದು ಹೊರಟುಹೋದ. ಹುಲಿಗೇಶ ಬೇರೆ ಯಾರನ್ನೋ ಹಿಡಿದು, ಅಗ್ಗದ ವೈರು ತಂದು ಕೆಲಸ ಮುಗಿಸಿದ. ಮನೆ ಒಕ್ಕಲಾದ ದಿನ ಚಪ್ಪರದ ತುಂಬ ಕೆಂಪು, ಹಸಿರು ದೀಪಗಳು ಉರಿದವು. ನೋಡಿದವರೆಲ್ಲ ಹೊಗಳಿದರು.

ಅದು ಬೇಸಿಗೆ. ಮಳೆಗಾಲ ಶುರುವಾದ ಮೇಲೆ ಯಮನಮ್ಮನಿಗೆ ಕಂಬದಲ್ಲಿ ಗಂಡ ಸಿಕ್ಕಿದ.

ಅವನು ಎಲ್ಲ ದಿನವೂ ಬರುತ್ತಿರಲಿಲ್ಲ. ಬಿಸಿಲು ಕಾದು ಅಂಗಳ ಒಣಗಿದ್ದರೆ ಕಂಬ ಬರೀ ಕಂಬ. ಮಳೆ ಬಿದ್ದ ಮರುದಿನ, ನೆಲ ಹಸಿಯಿದ್ದಾಗ, ಒದ್ದೆ ಕೈಯಲ್ಲಿ ಹಿಡಿದರೆ ಬರುತ್ತಿದ್ದ. ಯಮನಮ್ಮ ಇದನ್ನು ಬೇಗ ಕಲಿತಳು. ಬೆಳಿಗ್ಗೆ ಎದ್ದು ಬಚ್ಚಲಲ್ಲಿ ಕೈ ತೋಯಿಸಿಕೊಂಡು, ಬರಿಗಾಲಲ್ಲಿ ಕಂಬದ ಹತ್ತಿರ ಹೋಗಿ, ಬೆರಳ ತುದಿಯಿಂದ ಮುಟ್ಟಿ ನಿಲ್ಲುತ್ತಿದ್ದಳು. ತುಟಿ ಅಲುಗುತ್ತಿದ್ದವು. ಮಗನ ಆಟೋದ ಸುದ್ದಿ, ಮೊಮ್ಮಗಳ ಜ್ವರದ ಸುದ್ದಿ, ಎಲ್ಲ ಕಂಬಕ್ಕೆ ಹೇಳುತ್ತಿದ್ದಳು.

ಒಂದು ದಿನ ಮೊಮ್ಮಗಳು ಯಶೋದಾ ಕೈ ತೊಳೆದುಕೊಂಡು ಓಡಿ ಬಂದು ತಾನೂ ಕಂಬ ಮುಟ್ಟಿದಳು. ತಟ್ಟನೆ ಕೈ ಎಳೆದುಕೊಂಡು ನಕ್ಕಳು.

"ಯವ್ವಾ, ಅಜ್ಜ ಗುಳುಗುಳು ಮಾಡತಾನ!"

ಕಂಬದಲ್ಲಿ ಅಜ್ಜ ಇದ್ದಾನೆಂದು ಆ ಮಗುವಿಗೆ ಯಾರೂ ಹೇಳಿರಲಿಲ್ಲ. ಬಹುಶಃ ಅಜ್ಜಿ ಕಂಬದ ಮುಂದೆ ಆಡುವುದನ್ನು ಕೇಳಿಸಿಕೊಂಡಿತ್ತು. ಕಲ್ಯಾಣಿ ಮಗಳನ್ನು ಒಳಗೆ ಎಳೆದುಕೊಂಡು ಹೋಗಿ, "ಇನ್ನ ಆ ಕಂಬದ ಕಡೆ ಹೋದ್ರ ನೋಡು," ಎಂದು ಗದರಿಸಿದಳು. ಆದರೆ ಯಾಕೆ ಹೋಗಬಾರದು ಎಂದು ಅವಳಿಗೂ ಗೊತ್ತಿರಲಿಲ್ಲ.

ಮನೆಯಲ್ಲಿ ಒಂದು ಆಡು ಇತ್ತು. ಮೊದಲು ಅದನ್ನು ಆ ಕಂಬಕ್ಕೇ ಕಟ್ಟುತ್ತಿದ್ದರು. ಈಗ ಅದು ಕಂಬದ ಹತ್ತಿರ ಹೋಗಲು ಒಲ್ಲೆನೆನ್ನುತ್ತಿತ್ತು. ಎಳೆದರೆ ಮುಂಗಾಲು ಊರಿ ನಿಲ್ಲುತ್ತಿತ್ತು. ನಡುಮಧ್ಯಾಹ್ನ, ಓಣಿಯಲ್ಲಿ ಯಾರೂ ಇಲ್ಲದಾಗ, ದೂರದಲ್ಲಿ ನಿಂತು ಕಂಬವನ್ನೇ ದಿಟ್ಟಿಸುತ್ತಿತ್ತು. ಮೇವು ಹಾಕಿದರೂ ಬಾಯಿ ಆಡಿಸುತ್ತಿರಲಿಲ್ಲ.

ಪಕ್ಕದ ಮನೆಯ ಮುನವ್ವರ್ ಬೀ ಬಂದಾಗ ಕಲ್ಯಾಣಿ ಈ ಸಂಗತಿ ಹೇಳಿದಳು. ಮುನವ್ವರ್ ಬೀ ಕೈ ಬೀಸಿ, "ನಮ್ಮ ನಳದಾಗೂ ಜುಮ್ ಅಂತದ ತಗೋ. ಮಳಿಗಾಲದಾಗ ಎಲ್ಲಾರ ಮನ್ಯಾಗೂ ಇರೋದೇ," ಎಂದಳು. ಕಲ್ಯಾಣಿಗೆ ಸ್ವಲ್ಪ ಸಮಾಧಾನವಾಯಿತು. ಎಲ್ಲರ ಮನೆಯಲ್ಲೂ ಇದ್ದರೆ ಹೆದರುವಂಥದ್ದೇನಲ್ಲ ಎಂದುಕೊಂಡಳು.

ಒಂದು ರಾತ್ರಿಯಿಡೀ ಮಳೆ ಹೊಡೆಯಿತು. ಬೆಳಿಗ್ಗೆ ನೋಡಿದರೆ ಆಡು ಹಗ್ಗ ಬಿಚ್ಚಿಕೊಂಡು, ಮಳೆಗೆ ಚಪ್ಪರದ ಆಸರೆಗೆ ಬಂದು, ಕಂಬಕ್ಕೆ ಒರಗಿ ಸತ್ತುಬಿದ್ದಿತ್ತು. ಮೈಮೇಲೆ ಗಾಯವಿರಲಿಲ್ಲ. ಹಾವು ಕಚ್ಚಿದ ಗುರುತೂ ಇರಲಿಲ್ಲ. ಕಣ್ಣು ತೆರೆದೇ ಇದ್ದವು.

ಓಣಿಯವರು ಸೇರಿದರು. "ಮುದುಕಗ ಏನೋ ಆಸಿ ಉಳಿದದ," ಎಂದ ಒಬ್ಬ. ಯಾರೋ ಕಂಬಕ್ಕೆ ಕುಂಕುಮ ಹಚ್ಚಿದರು. ಕೈ ಒಣಗಿದ್ದರಿಂದಲೋ ಏನೋ, ಅವರಿಗೆ ಏನೂ ಆಗಲಿಲ್ಲ.

ಯಮನಮ್ಮ ಆ ದಿನ ಊಟ ಮಾಡಲಿಲ್ಲ. ಸಂಜೆ ಸೊಸೆಯನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದಳು:

"ಕಲ್ಯಾಣೀ, ಮೊದಲ ಆತ ಬೆರಳ ಹಿಡೀತಿದ್ದ. ಈಗ ಬರಬರ್ತಾ ಹಿಡಿತ ಜೋರಾಗಾಕತ್ತದ. ಯಾಕಂತ ಕೇಳೀನಿ. ಹೇಳವಲ್ಲ."

ಅದೇ ವಾರ ಮಾನ್ವಿಯಿಂದ ಸೂಫಿಯಾ ಬಂದಳು. ಕಲ್ಯಾಣಿಯೂ ಅವಳೂ ಮಹಿಳಾ ಸಂಘದ ತರಬೇತಿಯಲ್ಲಿ ಗೆಳತಿಯರಾದವರು. ದೇವದುರ್ಗದಲ್ಲಿ ಸಂಘಗಳ ಸಭೆಯಿತ್ತು. ಹಿಂದಿನ ದಿನವೇ ಬಂದು ಕಲ್ಯಾಣಿಯ ಮನೆಯಲ್ಲಿ ಉಳಿದಿದ್ದಳು. ಬೆಳಿಗ್ಗೆ ಚಹಾದ ಲೋಟ ಹಿಡಿದು ಹೊಸ್ತಿಲಲ್ಲಿ ಕೂತಿದ್ದಾಗ, ಯಮನಮ್ಮ ಕೈ ತೋಯಿಸಿಕೊಂಡು ಕಂಬದ ಕಡೆ ನಡೆಯುವುದನ್ನು ನೋಡಿದಳು. ಮುದುಕಿಯ ತೋಳು ಒಮ್ಮೆ ಅದುರಿತು. ತುಟಿ ಅಲುಗಿದವು.

"ಆಕಿ ಯಾರ ಜೋಡಿ ಮಾತಾಡಾಕತ್ತಾಳ?" ಎಂದು ಸೂಫಿಯಾ ಪಿಸುಗುಟ್ಟಿದಳು.

ಕಲ್ಯಾಣಿ ಎಲ್ಲ ಹೇಳಿದಳು. ಮಾವ, ಮಗಳ ನಗು, ಆಡು. ಸೂಫಿಯಾ ಚಹಾ ಕೆಳಗಿಟ್ಟಳು.

"ಯವ್ವಾ, ಕೈ ತಗೀರಿ! ಈಚೆ ಬರ್ರಿ!" ಎಂದು ಕೂಗಿದಳು.

ಯಮನಮ್ಮ ತಿರುಗಿ ನೋಡಿದಳು. "ಯಾಕವ್ವಾ?"

"ಅದು ಯಜಮಾನ್ರು ಅಲ್ರಿ. ಅದು ಕರೆಂಟ್." ಸೂಫಿಯಾ ಎದ್ದು ಅವಳ ಬಳಿ ನಡೆದಳು. "ನನ್ನ ತಂಗಿ ಮಿನಾಜ್ ಇದ್ಲು. ಮನ್ಯಾಗ ತಗಡಿನ ಕೂಲರ್. ಮುಟ್ಟಿದ್ರ ಜುಮ್ ಅಂತಿತ್ತು. ಎಲ್ಲಾರೂ ನಗತಿದ್ವಿ ಅದಕ್ಕ. ಒಂದಿನ ನೀರು ಹಾಕಾಕ ಹೋದ್ಲು. ನಾವು ಹೋಗಿ ನೋಡೋತ್ತಿಗೆ ಕೂಲರ್ ತಬ್ಬಿಕೊಂಡು ಕುಂತಿದ್ಲು. ಕೂಲರ್ ಇನ್ನೂ ತಿರುಗಾಕತ್ತಿತ್ತು."

ಹುಲಿಗೇಶ ಒಳಗಿನಿಂದ ಬಂದ. ಆಟೋದಲ್ಲಿದ್ದ ಟೆಸ್ಟರ್ ತಂದು ಕಂಬಕ್ಕೆ ಮುಟ್ಟಿಸಿದ. ಅದರ ಹೊಟ್ಟೆಯಲ್ಲಿ ಮಂಕಾಗಿ ಕೆಂಪು ಬೆಳಕು ಹತ್ತಿತು. ಅವನು ಟೆಸ್ಟರ್ ಜೇಬಿಗೆ ಹಾಕಿಕೊಂಡ. ಆಮೇಲೆ ಹೇಳಿದ:

"ಸಣ್ಣಗ ಅದ ಅಕ್ಕಾ. ಇಷ್ಟಕ್ಕ ಏನಾಗತದ? ಮಳಿ ನಿಂತ ಮ್ಯಾಲೆ ನೋಡಸ್ತೀನಿ. ಈಗ ಮನಿ ಬಿಚ್ಚಿ ಕುಂತ್ರ ಖರ್ಚು ಯಾರು ಕೊಡ್ತಾರ? ಕೈ ಬಿಗಿ ಹಿಡೀಬೇಕಲ್ಲ."

"ಆಡು ಸತ್ತದ್ದು ಸಣ್ಣದೇನಣ್ಣಾ?"

ಉತ್ತರ ಯಮನಮ್ಮ ಕೊಟ್ಟಳು. ಕಂಬದ ಮುಂದೆ ಅಡ್ಡ ನಿಂತು, "ಯಾರೂ ಇದನ್ನ ಬಿಚ್ಚಬ್ಯಾಡ್ರಿ. ರಿಪೇರಿ ಮಾಡಿದ್ರ ಆತ ಹೋಗತಾನ," ಎಂದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಹುಲಿಗೇಶ ಆಟೋ ತೆಗೆದುಕೊಂಡು ಹೋದ. ಯಶೋದಾ ಅಂಗನವಾಡಿಗೆ ಹೋದಳು.

"ಆ ಕಂಬದ ಕಡೆ ಹೋಗಬ್ಯಾಡ ಮಾರಾಯ್ತಿ," ಎಂದು ಸೂಫಿಯಾ ಕಲ್ಯಾಣಿಗೆ ಮತ್ತೆ ಮತ್ತೆ ಹೇಳಿದಳು. ಕಲ್ಯಾಣಿ ಹೂಂ ಎಂದಳು. ಆದರೆ ಕಂಬದಿಂದ ಬಚ್ಚಲ ಗೋಡೆಯ ತನಕ ಒಂದು ತಂತಿ ಕಟ್ಟಿತ್ತು, ಒಗೆದ ಅರಬಿ ಒಣ ಹಾಕಲು. ಅದರ ನೆನಪು ಇಬ್ಬರಿಗೂ ಬರಲಿಲ್ಲ.

ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿದು ಹನಿ ಬೀಳತೊಡಗಿತು. "ಅಯ್ಯ, ಅರಬಿ!" ಎಂದು ಕಲ್ಯಾಣಿ ಬರಿಗಾಲಲ್ಲಿ ಓಡಿದಳು. ಸೂಫಿಯಾ ಒಳಗೆ ಸಭೆಗೆ ಹೋಗಲು ಸೀರೆ ಉಡುತ್ತಿದ್ದಳು. ಯಮನಮ್ಮ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದಳು.

ಸ್ವಲ್ಪ ಹೊತ್ತು ಕಳೆಯಿತು. ಅಂಗಳದಲ್ಲಿ ಸದ್ದೇ ಇಲ್ಲ. ಯಮನಮ್ಮ ತಲೆ ಎತ್ತಿದಳು.

ಕಲ್ಯಾಣಿ ತಂತಿಯ ಕೆಳಗೆ ನಿಂತಿದ್ದಳು. ಒಂದು ಕೈ ಮೇಲೆತ್ತಿ ತಂತಿ ಹಿಡಿದಿದ್ದಳು. ಒದ್ದೆ ಸೀರೆ ಅವಳ ತೋಳಿನಿಂದ ಜೋತುಬಿದ್ದಿತ್ತು. ಬಾಯಿ ತೆರೆದಿತ್ತು. ಕೂಗಿದವಳ ಬಾಯಿ ಅದು, ಆದರೆ ಕೂಗು ಇರಲಿಲ್ಲ. ಕಣ್ಣು ಅತ್ತೆಯನ್ನೇ ನೋಡುತ್ತಿದ್ದವು. ತಲೆ ಸಣ್ಣಗೆ ಅಲುಗುತ್ತಿತ್ತು, ಯಾರೋ ಹೇಳಿದ ಮಾತಿಗೆ ಹೂಂ ಹೂಂ ಎನ್ನುವ ಹಾಗೆ.

"ಬಿಡೋ!" ಎಂದು ಯಮನಮ್ಮ ಚೀರಿದಳು. "ನನ್ನ ಸೊಸಿನ್ನ ಬಿಡೋ ಮಾರಾಯಾ!"

ಅಕ್ಕಿಯ ಮೊರ ಚೆಲ್ಲಿ ಎರಡೂ ಕೈ ಚಾಚಿ ಓಡಿದಳು. ಇನ್ನೇನು ಅವಳನ್ನು ತಬ್ಬಬೇಕು, ಅಷ್ಟರಲ್ಲಿ ಚೀರು ಕೇಳಿ ಓಡಿಬಂದ ಸೂಫಿಯಾ ಹಿಂದಿನಿಂದ ಅವಳ ಸೆರಗು ಹಿಡಿದು ಜಗ್ಗಿದಳು. ಮುದುಕಿ ಹಿಂದಕ್ಕೆ ಬಿದ್ದಳು.

"ಮುಟ್ಟಬ್ಯಾಡ್ರಿ! ಮುಟ್ಟಿದ್ರ ನೀವೂ ಹೋಗ್ತೀರಿ! ಮೇನ್ ಎಲ್ಲದ? ಮೇನ್?"

"ಬಾಗಲ ಹಿಂದ..."

ಸೂಫಿಯಾ ಒಳಗೆ ಹಾರಿ ಮೇನ್ ಸ್ವಿಚ್ ಕೆಳಗೆ ಎಳೆದಳು. ಮನೆಯೊಳಗೆ ತಿರುಗುತ್ತಿದ್ದ ಫ್ಯಾನು ನಿಧಾನವಾಯಿತು. ಹೊರಗೆ ಕಲ್ಯಾಣಿ ಮಣ್ಣಿನ ಮೇಲೆ ಕುಸಿದಳು.

ಸೂಫಿಯಾ ಓಡಿ ಹೋಗಿ ಮೂಗಿನ ಹತ್ತಿರ ಕೈ ಹಿಡಿದಳು. ಉಸಿರು ಇತ್ತು. ತೆಳ್ಳಗೆ ಇತ್ತು. ಅಂಗೈ ಮಧ್ಯದಲ್ಲಿ ತಂತಿಯ ಅಗಲಕ್ಕೆ ಚರ್ಮ ಬೆಂದು ಬಿಳಿಯಾಗಿತ್ತು.

ಮುನವ್ವರ್ ಬೀ ನೂರಾ ಎಂಟಕ್ಕೆ ಫೋನ್ ಮಾಡಿದಳು. ತಾಲೂಕು ಆಸ್ಪತ್ರೆಯಲ್ಲಿ ನೋಡಿ, ಎದೆ ಬಡಿತ ಸರಿಯಿಲ್ಲವೆಂದು ರಾಯಚೂರಿಗೆ ಕಳಿಸಿದರು. ದಾರಿಯಲ್ಲಿ ಕಲ್ಯಾಣಿಗೆ ಎಚ್ಚರವಾಯಿತು. ಅವಳು ಹೇಳಿದ ಮೊದಲ ಮಾತು ಇದು: "ಬಿಡಬೇಕಂದೆ. ಕೈ ನನ್ನ ಮಾತು ಕೇಳಲಿಲ್ಲ. ತಾನೇ ಬಿಗಿ ಹಿಡಕೊಂಡಬಿಡ್ತು."

ರಾಯಚೂರಿನ ಆಸ್ಪತ್ರೆಯ ಪಡಸಾಲೆಯಲ್ಲಿ ಹುಲಿಗೇಶ ಗೋಡೆಗೆ ತಲೆ ಕೊಟ್ಟು ಕೂತಿದ್ದ. ಆಟೋದ ಬಾಡಿಗೆ ಅರ್ಧಕ್ಕೆ ಬಿಟ್ಟು ಬಂದಿದ್ದ. ಒಳಗೆ ಹೆಂಡತಿಯ ಎದೆಗೆ ಅಂಟಿಸಿದ ಯಂತ್ರ ಕೂಗುತ್ತಿತ್ತು. ಯಮನಮ್ಮ ಬಂದು ಪಕ್ಕದಲ್ಲಿ ಕೂತಳು.

"ನಾ ಅಪ್ಪನ ಮಾತು ಕೇಳಿದೆ ಬೇ," ಎಂದ ಅವನು. "ಕೈ ಬಿಗಿ ಹಿಡಿದೆ. ಅದಕ್ಕ ಹಿಂಗಾತು."

ಯಮನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಹೇಳಿದಳು:

"ನಿಮ್ಮಪ್ಪನ ಮಾತು ನೀ ಅರ್ಧ ಕೇಳೀದಿ ಮಗಾ. ನಾನೂ ಇಷ್ಟು ದಿನ ಅರ್ಧಾನ ನೆನಪಿಟ್ಟಿದ್ದೆ. ಆತ ಚಹಾ ಕುಡೀತಿರಲಿಲ್ಲ. ಬಸ್ಸಿಗೆ ಕೊಡೋದು ಬ್ಯಾಡಂತ ನಡಕೊಂತ ಹೋಗತಿದ್ದ. ಅಂಗಿ ಹರಿದ್ರ ಹೊಲಿಸ್ತಿದ್ದ. ಆದ್ರ ಬಾವ್ಯಾಗ ಇಳಿಯೋ ಹಗ್ಗ ಅದಲ್ಲ, ಅದನ್ನ ವರ್ಷಾ ವರ್ಷಾ ಹೊಸಾದು ತರತಿದ್ದ. ರಾಯಚೂರಿಗೇ ಬಂದು, ಕೈಯಿಂದ ಜಗ್ಗಿ ನೋಡಿ, ಅಂಗಡ್ಯಾಗ ಇದ್ದುದರಾಗ ಚಲೋದು ತರತಿದ್ದ. ಜೊತಿ ಆಳುಗಳು ನಗತಿದ್ರು. 'ಹಳೇದು ಇನ್ನೂ ಗಟ್ಟಿ ಅದಲ್ಲೋ, ನೀ ಕೈ ಬಿಗಿ ಹಿಡಿಯಾಂವ ಅಂತಿ' ಅಂತ. ಆತ ಏನಂತಿದ್ದ ಗೊತ್ತೇನ? 'ತೆಳಗ ಇಳಿಯಾಂವ ನಾನು' ಅಂತಿದ್ದ."

ಹುಲಿಗೇಶ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಚಹಾಕ್ಕ ಬಿಗಿ ಹಿಡಿದ, ಹಗ್ಗಕ್ಕ ಬಿಟ್ಟ," ಎಂದಳು ಯಮನಮ್ಮ. "ನೀನು ಹಗ್ಗಕ್ಕ ಬಿಗಿ ಹಿಡಿದು ದೀಪಕ್ಕ ಬಿಟ್ಟಿ. ಅದಕ್ಕ ಕೈ ಬಿಗಿ ಅನ್ನಂಗಿಲ್ಲ ಯಪ್ಪಾ."

ಕೆಲವು ದಿನಗಳ ಮೇಲೆ ಕಲ್ಯಾಣಿ ಮನೆಗೆ ಬಂದಳು. ಅಂಗೈಗೆ ಪಟ್ಟಿ ಕಟ್ಟಿತ್ತು. ಅವಳು ಬರುವ ಮೊದಲೇ ಹುಲಿಗೇಶ ಜಿಲಾನಿ ಪಾಷಾನ ಮನೆಗೆ ಹೋಗಿ ಕೈ ಮುಗಿದಿದ್ದ. ಪಾಷಾ ಹಳೆಯ ಮಾತು ಎತ್ತಲಿಲ್ಲ. ಏಣಿ ಹಾಕಿ ಚಪ್ಪರದ ಪತ್ರಾಸು ಬಿಚ್ಚಿದ.

"ಮ್ಯಾಲೆ ಬರ್ರಿ ಅಣ್ಣಾ, ನೋಡ್ರಿ. ದೀಪದ ಬೋರ್ಡಿಗೆ ಹೋದ ವೈರು ಇದು. ಪತ್ರಾಸಿನ ಸ್ಕ್ರೂ ಇದರ ಮ್ಯಾಲೆ ಕುಂತದ. ಮೊದಲ ಸ್ವಲ್ಪ ತಿಕ್ಕಿತ್ತು. ಮಳಿ ನೀರು ಬಿದ್ದಂಗ ಬಿದ್ದಂಗ ಒಳಗಿನ ತಂತಿ ಬಯಲಾತು. ಆಗ ಪತ್ರಾಸು, ಕಂಬ, ಅರಬಿ ತಂತಿ, ಎಲ್ಲಾದಕ್ಕೂ ಕರೆಂಟ್ ಹರೀತು. ಅರ್ತಿಂಗ್ ಇದ್ದಿದ್ರ ಭೂಮಿಗೆ ಹೋಗತಿತ್ತು, ಆ ಸ್ವಿಚ್ ತಾನೇ ಬೀಳತಿತ್ತು. ಎರಡೂ ಇಲ್ಲ. ಅದಕ್ಕ ಭೂಮಿಗೆ ಹೋಗಾಕ ಮನಿಷ್ಯಾರ ಮೈ ಹಿಡೀತು. ಒಣ ಮೈಗಿಂತ ಒದ್ದಿ ಮೈ ಅದಕ್ಕ ಸಲೀಸು."

"ಅದಕ್ಕ ಒದ್ದಿ ಕೈಗೇ ಬರತಿತ್ತು," ಎಂದಳು ಯಮನಮ್ಮ ಕೆಳಗಿನಿಂದ. ಮತ್ತೇನೂ ಕೇಳಲಿಲ್ಲ.

ಪಾಷಾ ಆ ವೈರು ಕಿತ್ತು ಹಾಕಿದ. ಅರ್ತಿಂಗ್ ಗುಂಡಿಯನ್ನು ಹುಲಿಗೇಶನೇ ತೋಡಿದ. ಪಾಷಾ ಅದರಲ್ಲಿ ದಪ್ಪ ಕಬ್ಬಿಣದ ಪಟ್ಟಿ ಇಳಿಸಿ, ಸುತ್ತ ಇದ್ದಲು, ಉಪ್ಪು ತುಂಬಿದ. ಮೇನ್ ಪಕ್ಕದಲ್ಲಿ ಹೊಸ ಸ್ವಿಚ್ಚು ಕೂರಿಸಿ, ಅದರ ಮೇಲಿನ ಸಣ್ಣ ಗುಂಡಿ ಒತ್ತಿ ತೋರಿಸಿದ. ಟಕ್ ಎಂದು ಬಿತ್ತು. "ತಿಂಗಳಿಗೊಮ್ಮೆ ಹಿಂಗ ಒತ್ತಿ ನೋಡ್ರಿ. ಬಿದ್ರ ಚಲೋ ಅದ ಅಂತ ತಿಳೀರಿ. ಬೀಳಲಿಲ್ಲಂದ್ರ ನನ್ನ ಕರೀರಿ," ಎಂದ. ಬಣ್ಣದ ದೀಪಗಳನ್ನು ಬಿಚ್ಚಿ, ಕೊಂಡಿದ್ದ ಅಂಗಡಿಗೇ ಅರ್ಧ ಬೆಲೆಗೆ ಕೊಟ್ಟರು. ಅರಬಿ ಒಣ ಹಾಕುವ ತಂತಿ ಹೋಗಿ ನೈಲಾನ್ ಹಗ್ಗ ಬಂತು.

ಎಲ್ಲ ಮುಗಿದ ಮೇಲೆ ಯಮನಮ್ಮ ಪಾಷಾನನ್ನು ಕೇಳಿದಳು, "ಈಗ ಮುಟ್ಟಬಹುದೇನಪ್ಪಾ?"

ಪಾಷಾ ಮೊದಲು ಟೆಸ್ಟರ್ ಹಿಡಿದು ನೋಡಿದ. ಆಮೇಲೆ ತಾನೇ ಕಂಬ ಮುಟ್ಟಿದ. "ಮುಟ್ರಿ ಅಮ್ಮಾ."

ಅವಳು ಕೈ ತೋಯಿಸಿಕೊಳ್ಳಲಿಲ್ಲ. ಹಾಗೇ ಹೋಗಿ ಕಂಬ ಹಿಡಿದು ನಿಂತಳು. ಕಬ್ಬಿಣ ತಣ್ಣಗಿತ್ತು, ಅಷ್ಟೇ. ಅವಳ ಬೆನ್ನು ಒಮ್ಮೆ ಅಲುಗಿತು. ಕಲ್ಯಾಣಿ ಹತ್ತಿರ ಹೋಗಿ ಒಳ್ಳೆಯ ಕೈಯಿಂದ ಅವಳ ಭುಜ ಹಿಡಿದಳು.

"ಮಾವ ಹೋದ್ರೇನ್ರಿ ಅತ್ತಿ?"

"ಆತ ಯಾವಾಗೋ ಹೋಗ್ಯಾನ," ಎಂದಳು ಯಮನಮ್ಮ. "ಈ ಮನ್ಯಾಗ ಆತ ಯಾರ ಮ್ಯಾಲೂ ಕೈ ಎತ್ತಿದಾಂವ ಅಲ್ಲ. ಅವತ್ತು ನೀ ಹಂಗ ನಿಂತದ್ದು ನೋಡಿದಾಗನ ನನಗ ತಿಳೀತು, ಇದು ಆತನ ಕೈ ಅಲ್ಲ ಅಂತ. ನಾ ಇಷ್ಟು ದಿನ ಯಾರ ಜೋಡಿ ಮಾತಾಡಿದೆ ಅಂತ ನೆನಸಿಕೊಂಡ್ರ ಈಗ ಮೈ ನಡಗತದ."

ಮುಂದಿನ ಸಂಘದ ಸಭೆಗೆ ಯಮನಮ್ಮ ಸೊಸೆಯ ಜೊತೆ ಹೋದಳು. ಎಂದೂ ಹತ್ತು ಜನರ ಮುಂದೆ ಮಾತಾಡಿದವಳಲ್ಲ. ಎದ್ದು ನಿಂತು, ಯಾರ ಮನೆಯಲ್ಲಿ ನಲ್ಲಿ, ಗೋಡೆ, ಕೂಲರ್ ಮುಟ್ಟಿದರೆ ಜುಮ್ ಎನ್ನುತ್ತದೆ, ಕೈ ಎತ್ತಿರಿ ಎಂದಳು. ಮೊದಲು ಯಾರೂ ಎತ್ತಲಿಲ್ಲ. ಆಮೇಲೆ ಮುನವ್ವರ್ ಬೀ ಎತ್ತಿದಳು. ಅವಳ ಹಿಂದೆ ಒಂದೊಂದಾಗಿ ಕೈಗಳು ಮೇಲೆದ್ದವು. ಕೋಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರ ಕೈ ಮೇಲಿತ್ತು. ಎಲ್ಲರೂ ಒಬ್ಬರ ಕೈ ಒಬ್ಬರು ನೋಡಿದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಆ ಕೋಣೆಯಲ್ಲಿ ನೀವು ಇದ್ದಿದ್ದರೆ ನಿಮ್ಮ ಕೈ ಏಳುತ್ತಿತ್ತೇ?

ಕೈ ಬಿಗಿ ಹಿಡಿಯಿರಿ. ಒಳ್ಳೆಯ ಮಾತು ಅದು. ಬೇಡದ್ದಕ್ಕೆ, ಮೆರೆಯುವುದಕ್ಕೆ, ಮಂದಿ ನೋಡಲೆಂದು ಮಾಡುವ ಖರ್ಚಿಗೆ ಬಿಗಿ ಹಿಡಿಯಿರಿ. ಜೀವ ಕಾಯುವ ಖರ್ಚಿಗೆ ಹಿಡಿಯಬೇಡಿ. ಮನೆಗೆ ಅರ್ತಿಂಗ್ ಇದೆಯೇ, ಸೋರಿಕೆಯಾದರೆ ಬೀಳುವ ಸ್ವಿಚ್ಚು ಇದೆಯೇ ಎಂದು ಲೈಸೆನ್ಸ್ ಇರುವ ವೈರಮನ್‌ನಿಂದ ನೋಡಿಸಿ. ಅರಬಿ ಒಣ ಹಾಕಲು ಕಬ್ಬಿಣದ ತಂತಿ ಬೇಡ, ಹಗ್ಗ ಕಟ್ಟಿ. ಕರೆಂಟಿನ ಕಂಬಕ್ಕಂತೂ ಏನನ್ನೂ ಕಟ್ಟಬೇಡಿ. ಯಾರಿಗಾದರೂ ಕರೆಂಟ್ ಹಿಡಿದರೆ ಬರಿಗೈಯಲ್ಲಿ ಎಳೆಯಬೇಡಿ, ಮೊದಲು ಮೇನ್ ಆಫ್ ಮಾಡಿ. ಮೇನ್ ಸಿಗದಿದ್ದರೆ ಒಣ ನೆಲದ ಮೇಲೆ ನಿಂತು ಒಣ ಕಟ್ಟಿಗೆಯಿಂದ ಬಿಡಿಸಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಮ ಮನೆಯ ಮೇನ್ ಎಲ್ಲಿದೆ ಎಂದು ಮನೆಯ ಪ್ರತಿಯೊಬ್ಬರಿಗೂ ಇವತ್ತೇ ತೋರಿಸಿ.

ಜುಮ್ ಎಂದ ಕಂಬವನ್ನು, ನಲ್ಲಿಯನ್ನು, ಗೋಡೆಯನ್ನು ಹೌದೋ ಅಲ್ಲವೋ ಎಂದು ಇನ್ನೊಮ್ಮೆ ಮುಟ್ಟಿ ನೋಡಬೇಡಿ.